ಅಮೆರಿಕಾ ರೋಡ್ ಟ್ರಿಪ್: ಬಾಡಿಗೆ ಕಾರಿನ ಇನ್ಶೂರೆನ್ಸು, ಮ್ಯಾಪು

ಬಾಡಿಗೆ ಕಾರಿನ ಕೌಂಟರಲ್ಲಿ ಕೀ ಕೊಡೋ ಮುಂಚೆ ಆ ಇನ್ಶೂರೆನ್ಸ್ ಕವರ್ ಬೇಕಾ ಈ ಕವರ್ ಬೇಕಾ ಅಂತ ತಲೆ ತಿಂತಾರೆ, ಗಾಬರಿಯಾಗಿ ಎಲ್ಲದಕ್ಕೂ ಹೂಂ ಅನ್ಬೇಡಿ. ಸಿಡಿಡಬ್ಲ್ಯೂ (ಕೊಲಿಷನ್ ಡ್ಯಾಮೇಜ್ ವೇವರ್) ಅನ್ನೋದು ಬಾಡಿಗೆ ಕಾರಿಗಾಗೋ ಡ್ಯಾಮೇಜಿಗೆ ಮಾತ್ರ, ನೀವು ಬೇರೆಯವರಿಗೆ ಗುದ್ದಿದ್ರೆ ಅವರ ನಷ್ಟ ಕಟ್ಟೋಕೆ ಬೇಕಾಗೋದು ಲಯಬಿಲಿಟಿ ಕವರ್, ಅಲ್ಲಿ ಸ್ವಂತ ಕಾರ್ ಪಾಲಿಸಿ ಇಲ್ಲದೋರು ಇದನ್ನಂತೂ ಬಿಡ್ಲೇಬಾರ್ದು, ಅಲ್ಲಿನ ಆಸ್ಪತ್ರೆ ಬಿಲ್ಲಿಗೆ ಮನೆಮಠ ಮಾರಿದ್ರೂ ಸಾಲಲ್ಲ. ಕೆಲವು ಕ್ರೆಡಿಟ್ ಕಾರ್ಡಲ್ಲಿ ಡ್ಯಾಮೇಜ್ ಕವರ್ ಇರತ್ತೆ, ಆದ್ರೆ ಸಾಮಾನ್ಯವಾಗಿ ಬಾಡಿಗೆ ಪೂರ್ತಿ ಅದೇ ಕಾರ್ಡಲ್ಲಿ ಕಟ್ಟಿ, ಕೌಂಟರ್‌ನ ಸಿಡಿಡಬ್ಲ್ಯೂ ಬೇಡ ಅಂದಿರ್ಬೇಕು. ಹಳೇ ಗೀರು ನಿಮ್ಮ ತಲೆಗೆ ಕಟ್ಟದ ಹಾಗೆ ಹೊರಡೋ ಮುಂಚೆ ಕಾರಿನ ಸುತ್ತ ಒಂದು ವಿಡಿಯೋ ಮಾಡ್ಕೊಳ್ಳಿ, ಟೈರು ರಿಮ್ಮು ಸಮೇತ.

ಜಿಪಿಎಸ್ ಬಾಡಿಗೆ ದುಡ್ಡು ದಂಡ, ಫೋನೇ ಸಾಕು. ಹಿಂದಿನ ರಾತ್ರಿ ವೈಫೈಲಿ ಗೂಗಲ್ ಮ್ಯಾಪ್ಸ್ ಆಫ್‌ಲೈನ್ ಇಳಿಸ್ಕೊಳ್ಳಿ, ಡೆತ್ ವ್ಯಾಲಿ ಮರುಭೂಮಿಲಿ ಬಹುತೇಕ ಕಡೆ ಸಿಗ್ನಲ್ಲೇ ಇರಲ್ಲ. ಮ್ಯಾಪ್ ಹೇಳ್ತು ಅಂತ ಮಣ್ಣುರಸ್ತೆಗೆ ಇಳೀಬೇಡಿ, ಅಲ್ಲೇನಾದ್ರೂ ಆದ್ರೆ ಮೇಲೆ ಹೇಳಿದ ಇನ್ಶೂರೆನ್ಸ್ ಕವರ್ ಸಿಗೋದೂ ಡೌಟೇ.