ಕೊಳವೆಬಾವಿಯ ನೀರಿಗೆ ಒಗ್ಗಿದ ಗಿಡಗಳು

ಬೆಂಗಳೂರಿನ ನಮ್ಮ ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ನಲ್ಲಿಯ ಬಾಯಿಗೂ ಸ್ನಾನದ ಬಕೆಟ್ಟಿಗೂ ಬಿಳಿ ಹಕ್ಕಳೆ ಕಟ್ಟುವ ಈ ನೀರನ್ನೇ ಎರಡಡಿ ಉದ್ದ, ಒಂದಡಿ ಅಗಲ ಮತ್ತು ಒಂದಡಿ ಎತ್ತರದ ಗಾಜಿನ ತೊಟ್ಟಿಗೆ ತುಂಬಿ, ಕೆಲವು ಗಪ್ಪಿ ಮೀನುಗಳನ್ನು ಬಿಟ್ಟು, ಅವುಗಳಿಗೆ ಜೊತೆಯಾಗಲೆಂದು ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಲುವಾಗಿ ಕಂಡ ಕಬೊಂಬಾ ಎಂಬ ನೀರುಗಿಡದ ಕಟ್ಟೊಂದನ್ನು ತಂದು ನೆಟ್ಟೆ. ಗಪ್ಪಿಗಳು ಆರಾಮವಾಗಿದ್ದವು. ಕಬೊಂಬಾ ಮಾತ್ರ ಎರಡೇ ವಾರಗಳಲ್ಲಿ ಸೂಜಿಯಂಥ ಎಲೆಗಳನ್ನೆಲ್ಲ ಉದುರಿಸಿ ಫಿಲ್ಟರಿನ ಸ್ಪಂಜು ಕಟ್ಟಿಕೊಳ್ಳುವಂತೆ ಮಾಡಿತು. ಅದು ಮೆದು ನೀರನ್ನು ಬಯಸುವ ಗಿಡವೆಂದು ಆಮೇಲೆ ತಿಳಿಯಿತು. ನೀರನ್ನು ಗಿಡಕ್ಕೆ ತಕ್ಕಂತೆ ಬದಲಿಸುವ ಬದಲು, ನನ್ನ ನೀರಿಗೆ ಒಗ್ಗುವ ಗಿಡಗಳನ್ನೇ ಆರಿಸಿಕೊಳ್ಳುವುದೆಂದು ಆಗ ನಿರ್ಧರಿಸಿದೆ.

ಎರಡನೆಯ ಬಾರಿಗೆ ತಂದದ್ದು ಜಾವಾ ಫರ್ನ್ ಮತ್ತು ಅನುಬಿಯಾಸ್. ಇವೆರಡೂ ಗಡಸು ನೀರನ್ನು ಸಹಿಸುತ್ತವೆ, ಮಂದ ಬೆಳಕಿನಲ್ಲಿಯೂ ಬದುಕುತ್ತವೆ. ಆದರೂ ಮೊದಲ ಅನುಬಿಯಾಸನ್ನು ನಾನೇ ಕೊಂದೆ. ಕುಂಡದಲ್ಲಿ ಗಿಡ ನೆಟ್ಟ ಅಭ್ಯಾಸದಿಂದ ಅದರ ಅಡ್ಡಲಾದ ದಪ್ಪ ಬೇರುಕಾಂಡವನ್ನೂ ಮರಳಿನೊಳಗೆ ಹೂತಿದ್ದೆ. ತಿಂಗಳೊಳಗೆ ಎಲೆಗಳು ಬುಡದಿಂದಲೇ ಕಳಚಿಕೊಂಡು ತೇಲಿದವು, ಮುಟ್ಟಿದರೆ ಕಾಂಡ ಬೆರಳಿಗೆ ಲೋಳೆಯಾಗಿ ಅಂಟಿತು. ಈ ಎರಡೂ ಗಿಡಗಳ ಬೇರುಕಾಂಡ ನೀರಿಗೆ ತೆರೆದುಕೊಂಡೇ ಇರಬೇಕು. ಮುಂದಿನ ಸಲ ಅಂಗೈಯಗಲದ ಗ್ರಾನೈಟ್ ತುಂಡುಗಳಿಗೆ ಅವನ್ನು ಹತ್ತಿಯ ಕಪ್ಪು ದಾರದಿಂದ ಸಡಿಲವಾಗಿ ಕಟ್ಟಿದೆ; ದಾರ ಕೊಳೆತು ಬಿಡುವ ಹೊತ್ತಿಗೆ ಬೇರುಗಳು ಕಲ್ಲನ್ನು ಹಿಡಿದುಕೊಂಡಿದ್ದವು. ಸುಣ್ಣದ ಕಲ್ಲನ್ನೂ ಅಮೃತಶಿಲೆಯ ಚೂರುಗಳನ್ನೂ ಬಳಸಲಿಲ್ಲ, ಏಕೆಂದರೆ ಅವು ಕರಗುತ್ತ ಈಗಾಗಲೇ ಗಡಸಾಗಿರುವ ನೀರನ್ನು ಇನ್ನಷ್ಟು ಗಡಸಾಗಿಸುತ್ತವೆ. ಜಾವಾ ಫರ್ನಿನ ಹಳೆಯ ಎಲೆಗಳ ಅಡಿಯಲ್ಲಿ ಸಾಲಾಗಿ ಮೂಡಿದ ಕಂದು ಚುಕ್ಕೆಗಳನ್ನು ರೋಗವೆಂದು ಭಾವಿಸಿ ಕೆಲವು ಎಲೆಗಳನ್ನು ಕತ್ತರಿಸಿಯೂ ಬಿಟ್ಟಿದ್ದೆ. ಅವು ಬೀಜಕಗಳ ಗುಂಪುಗಳು. ಉಳಿದ ಎಲೆಗಳ ಅಂಚಿನಲ್ಲಿ ಕೆಲವೇ ದಿನಗಳಲ್ಲಿ ಬೇರುಸಹಿತ ಪುಟ್ಟ ಮರಿಗಿಡಗಳು ಹುಟ್ಟಿದವು.

ನನ್ನ ನೀರನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲ, ನಿಜವಾಗಿ ಮೆಚ್ಚಿದ ಗಿಡವೆಂದರೆ ವ್ಯಾಲಿಸ್ನೇರಿಯಾ. ಲಾಡಿಯಂತೆ ಉದ್ದವಾದ ಎಲೆಗಳ ಈ ಗಿಡವನ್ನು ನೆಡುವಾಗ ಬೇರು ಮಾತ್ರ ಮರಳಿನಲ್ಲಿದ್ದು, ಎಲೆಗಳು ಕವಲೊಡೆಯುವ ಬಿಳಿಯ ಬುಡ ಮೇಲೆ ಕಾಣುವಂತಿರಬೇಕು. ಮೊದಲ ಎರಡು ವಾರ ಹಳೆಯ ಎಲೆಗಳು ಕರಗಿದವು, ಕಿತ್ತೆಸೆಯದೆ ಕಾದೆ. ಮೂರನೆಯ ತಿಂಗಳಿಗೆ ಅದು ಮರಳಿನ ಮೇಲೆ ಬಳ್ಳಿಗಳನ್ನು ಓಡಿಸಿ ಹಿಂಬದಿಯ ಗಾಜನ್ನು ಪೂರ್ತಿಯಾಗಿ ಮರೆಮಾಡಿತ್ತು. ಅದರ ಎಲೆಗಳ ಮೇಲೆ ಆಗಾಗ ಕೈಗೆ ತರಿತರಿಯಾಗಿ ಹತ್ತುವ ತೆಳುವಾದ ಬಿಳಿ ಪದರವೊಂದು ಕಾಣುತ್ತದೆ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಲದಾದಾಗ ಈ ಗಿಡ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟಿನಿಂದ ಇಂಗಾಲವನ್ನು ಪಡೆಯಬಲ್ಲದು, ಆಗ ಕ್ಯಾಲ್ಸಿಯಂ ಕಾರ್ಬೊನೇಟ್ ಎಲೆಯ ಮೇಲೆಯೇ ಕೂರುತ್ತದೆ. ನಲ್ಲಿಯ ಬಾಯಿಯ ಹಕ್ಕಳೆಯೇ ಇಲ್ಲಿಯೂ ಇದೆ ಎಂದು ಅರಿವಾದಾಗ ನಗು ಬಂತು.

ಮುಂಭಾಗಕ್ಕೆ ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಡ್ಟಿಯನ್ನು ನೆಟ್ಟೆ. ಜಾಗ ಬದಲಾದರೆ ಎಲೆಯೆಲ್ಲ ಕರಗಿಸಿಕೊಳ್ಳುವುದು ಇದರ ಗುಣ. ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಅಂದಗೊಳಿಸುವ ಆಸೆಯಿಂದ ಇದನ್ನು ಎರಡು ಸಲ ಕಿತ್ತು ನೆಟ್ಟು ಎರಡು ಸಲವೂ ಬೋಳಾಗಿಸಿದ ಮೇಲೆ ನನ್ನ ಕೈಗೆ ನಾನೇ ಕಡಿವಾಣ ಹಾಕಿಕೊಂಡೆ. ಅದರ ಬುಡದ ಮರಳಿನಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಗೊಬ್ಬರದ ಒಂದು ಗುಳಿಗೆಯನ್ನು ಹುದುಗಿಸುತ್ತೇನೆ, ಅಷ್ಟೆ.

ಪಾಚಿಯ ಕಾಟಕ್ಕೆ ಕಾರಣ ಬೆಳಕು. ದಿನಕ್ಕೆ ಹತ್ತು ಗಂಟೆ ದೀಪ ಉರಿಸುತ್ತಿದ್ದಾಗ ನಿಧಾನವಾಗಿ ಬೆಳೆಯುವ ಅನುಬಿಯಾಸ್ ಎಲೆಗಳ ಮೇಲೆ ಹಸಿರು ಚುಕ್ಕೆಗಳು ಕೂತವು. ಟೈಮರ್ ಜೋಡಿಸಿ ಆರು ಗಂಟೆಗೆ ಇಳಿಸಿದ ಮೇಲೆ ಹೊಸ ಎಲೆಗಳು ಸ್ವಚ್ಛವಾಗಿ ಬಂದವು.

ನೀರಿನ ವಿಷಯದಲ್ಲಿ ನಾನು ತಡವಾಗಿ ಕಂಡುಕೊಂಡದ್ದು ಒಂದಿದೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆವಿಯಾಗಿ ಇಳಿದಷ್ಟನ್ನೂ ಕೊಳವೆಬಾವಿಯ ನೀರಿನಿಂದಲೇ ತುಂಬುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಲವಣಗಳೆಲ್ಲ ಅಲ್ಲಿಯೇ ಉಳಿಯುತ್ತವೆ. ಹೀಗೆ ತುಂಬಿದಷ್ಟೂ ಗಡಸುತನ ಏರುತ್ತಲೇ ಹೋಗುತ್ತದೆ. ಈಗ ಇಳಿದ ನೀರಿನ ಬದಲಿಗೆ ಲವಣಗಳನ್ನು ಬಹುಪಾಲು ಸೋಸಿ ತೆಗೆಯುವ ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ಹಾಕುತ್ತೇನೆ, ವಾರಕ್ಕೊಮ್ಮೆ ಕಾಲುಭಾಗ ಬದಲಿಸುವಾಗ ಮಾತ್ರ ಕೊಳವೆಬಾವಿಯದು.

ಕಳೆದ ಮಾಗಿಯಲ್ಲಿ ಅನುಬಿಯಾಸ್ ನೀರೊಳಗೆಯೇ ಒಂದು ಹೂ ಬಿಟ್ಟಿತು: ನಡುವೆ ಕಡ್ಡಿ, ಅದರ ಸುತ್ತ ಬಿಳಿಯ ಒಂದು ಹಾಳೆ. ಆಫ್ರಿಕಾದ ಈ ಗಿಡವೂ ಹಿತ್ತಲಿನ ಕೆಸುವೂ ಒಂದೇ ಕುಟುಂಬದವು ಎಂದು ಹೇಳಿದಾಗ ಅಮ್ಮ ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು, ಆಮೇಲೆ ಇದರ ಎಲೆಯಲ್ಲಿಯೂ ಪತ್ರೊಡೆ ಮಾಡಬಹುದೇ ಎಂದು ಕೇಳಿದರು.