ನೇಪಾಳದಿಂದ ಬಂದ ಪ್ರಶ್ನೆ, ಜನತಾ ಪ್ಲಾಟಿಗೆ ಬಂದ ನೀರು

ಕೊಪ್ಪಳ ಜಿಲ್ಲೆಯ ನಮ್ಮ ಪಂಚಾಯಿತಿಯ ಜನತಾ ಪ್ಲಾಟಿನಲ್ಲಿ ಈಗ ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ. 2025ರ ನವೆಂಬರ್ ಮೊದಲ ವಾರದಿಂದ ಬರುತ್ತಿದೆ. ತಪ್ಪಿದ್ದು ಮೂರೋ ನಾಲ್ಕೋ ದಿನ, ಅದೂ ಕರೆಂಟ್ ಕೈಕೊಟ್ಟಿದ್ದರಿಂದ. ಅದಕ್ಕೆ ಮೊದಲು ಅಲ್ಲಿಗೆ ರಾತ್ರಿ ಹನ್ನೊಂದಕ್ಕೆ ವಾಲ್ವ್ ತಿರುಗಿಸುತ್ತಿದ್ದರು, ನಲವತ್ತೇ ನಿಮಿಷ. ಹೆಣ್ಣುಮಕ್ಕಳು ಕೊಡಗಳನ್ನು ಸಾಲಾಗಿ ಇಟ್ಟು ಅಂಗಳದಲ್ಲೇ ತೂಕಡಿಸುತ್ತಿದ್ದರು. ಇದನ್ನು ಬದಲಿಸಿದ್ದು ನೇಪಾಳದ ಕಪಿಲವಸ್ತು ಜಿಲ್ಲೆಯ ಹನ್ನೊಂದು ಯುವಕ ಯುವತಿಯರು ಬರೆದ ಒಂದು ಪುಟದ ಪತ್ರ. "ನೇಪಾಳದವರು ಬರೆದರೆ ಕೊಪ್ಪಳದಲ್ಲಿ ನೀರು ಬರುತ್ತದೆಯೇ ಅಕ್ಕಾ?" ಎಂದು ಮೂರು ವರ್ಷ ನನ್ನನ್ನು ಕೇಳಿದವರು ನನ್ನಂತೆಯೇ ಯುವಜನರ ಪಾಲ್ಗೊಳ್ಳುವಿಕೆಗಾಗಿ ದುಡಿಯುವ ಗೆಳೆಯರು. ಬಂದಿದೆ ಎಂದು ಅವರಿಗೆ ತಿಳಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಾಂತಿಯ ಕೆಲಸದಲ್ಲಿ ಯುವಜನರಿಗೆ ಪಾಲು ಬೇಕೆನ್ನುವ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 2250ನೇ ನಿರ್ಣಯ, ಮಕ್ಕಳ ಮಾತಿಗೆ ಬೆಲೆ ಕೊಡಬೇಕೆನ್ನುವ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಇವೆಲ್ಲ ನಿಮಗೆ ಗೊತ್ತಿರುವುದೇ. ಎಷ್ಟೋ ತರಬೇತಿಗಳಲ್ಲಿ ಚಾರ್ಟ್ ಹಾಳೆಯ ಮೇಲೆ ಬರೆದಿದ್ದೇವೆ, ಬರೆಸಿದ್ದೇವೆ. ಅದನ್ನು ಬಿಟ್ಟು, ನಾನು ಸೋತ ಕಥೆಯಿಂದ ಶುರು ಮಾಡುತ್ತೇನೆ.

ಮೊದಲ ಸೋಲು 2021ರಲ್ಲಿ. ಯುರೋಪಿನ ಒಂದು ಯುವ ಸಂಘಟನೆಯ ಜೊತೆ ತಿಂಗಳಿಗೊಂದು ವಿಡಿಯೊ ಸಂವಾದ ಏರ್ಪಡಿಸಿದೆವು. ಹೆಡ್‌ಫೋನ್, ಇಂಟರ್ನೆಟ್, ಅನುವಾದಕರ ಖರ್ಚು ಎಂದು ನಮ್ಮ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಯಿತು. ನಮ್ಮ ಇಪ್ಪತ್ತೆರಡು ಯುವಜನರಲ್ಲಿ ಬಾಯಿ ಬಿಟ್ಟವರು ಮೂವರು, ಮೂವರೂ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಉಳಿದವರು ಪರದೆಯನ್ನು ನೋಡುತ್ತ ಕುಳಿತರು, ಐದನೇ ತಿಂಗಳಿಗೆ ಬರುವುದನ್ನೇ ನಿಲ್ಲಿಸಿದರು. ಒಂಬತ್ತು ಲಕ್ಷದ ಪ್ರಸ್ತಾವನೆಯನ್ನೂ ಬರೆದಿದ್ದೆವು. ನಮ್ಮಂತಹ ಸಣ್ಣ ಸಂಸ್ಥೆಗೆ ವಿದೇಶಿ ದೇಣಿಗೆ ನೋಂದಣಿ ಇಲ್ಲ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ದೊಡ್ಡ ಸಂಸ್ಥೆಯೂ ತನಗೆ ಬಂದ ವಿದೇಶಿ ಹಣವನ್ನು ನಮಗೆ ವರ್ಗಾಯಿಸುವಂತಿಲ್ಲ. ಒಂದು ರೂಪಾಯಿಯೂ ಬರಲಿಲ್ಲ. ಅಂದೇ ತೀರ್ಮಾನಿಸಿದೆ: ಗೆಳೆತನ ಅಂತರರಾಷ್ಟ್ರೀಯವಾಗಿರಲಿ, ಹಣ ಮಾತ್ರ ನಮ್ಮೂರಿನದೇ ಆಗಿರಲಿ. ಆ ಒಂದು ನಿರ್ಧಾರದಿಂದ ಮುಂದೆ ಎಷ್ಟು ತಲೆನೋವು ತಪ್ಪಿತು ಎಂಬುದನ್ನು ಲೆಕ್ಕ ಹಾಕಲಾಗದು.

ಎರಡನೆಯದು ಇನ್ನೂ ಕೆಟ್ಟ ಸೋಲು. 2022ರಲ್ಲಿ ನೇಪಾಳದವರನ್ನೂ ನಮ್ಮವರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದೆ. ಭಾಷೆಯ ತೊಡಕು ಕಡಿಮೆ. ತರಾಯಿಯವರಿಗೆ, ಅಂದರೆ ನೇಪಾಳದ ದಕ್ಷಿಣದ ಬಯಲಿನವರಿಗೆ, ಅವಧೀ ಭಾಷೆ ಬರುತ್ತದೆ, ಹಿಂದಿ ತಿಳಿಯುತ್ತದೆ, ನಮ್ಮವರು ಶಾಲೆಯಲ್ಲಿ ಹಿಂದಿ ಕಲಿತವರು. ಆದರೆ ಯಾರೋ ಒಬ್ಬರು ನಕ್ಷೆಯೊಂದನ್ನು ಹಾಕಿದರು, ಎರಡೂ ದೇಶಗಳು ತಮ್ಮದೆನ್ನುವ ಗಡಿಯ ಲಿಪುಲೇಖ್ ಯಾರದು ಎಂಬ ಜಗಳ ಹತ್ತಿಕೊಂಡಿತು. ಒಂಬತ್ತೇ ದಿನಕ್ಕೆ ಗುಂಪನ್ನು ಮುಚ್ಚಿದೆ. ಶಾಂತಿಗಾಗಿ ಕಟ್ಟಿದ ಗುಂಪಿನಲ್ಲೇ ಬೈಗುಳ ಓದಬೇಕಾಗಿ ಬಂದದ್ದಕ್ಕೆ ತುಂಬಾ ನೋವಾಯಿತು. ಕೆಲಸವಿಲ್ಲದ ಸ್ನೇಹ ಜಗಳಕ್ಕೆ ದಾರಿ ಎಂಬುದು ನನಗೆ ಆಗಲೇ ಅರ್ಥವಾದದ್ದು.

ಹಾಗಾಗಿ 2024ರಲ್ಲಿ ಎರಡೂ ಕಡೆಯವರಿಗೆ ಒಂದೇ ಕೆಲಸ ಕೊಟ್ಟೆ: ನಿಮ್ಮೂರಿನಲ್ಲಿ ಎಣಿಸಿ. ಅಭಿಪ್ರಾಯ ಬೇಡ, ಭಾಷಣ ಬೇಡ, ಎಣಿಕೆ ಮಾತ್ರ. ಗ್ರಾಮ ಸಭೆಯಲ್ಲಿ ಯಾರು ಎಷ್ಟು ಹೊತ್ತು ಮಾತಾಡಿದರು, ಯಾರು ಎಲ್ಲಿ ಕುಳಿತರು, ಯಾವ ಓಣಿಗೆ ಎಷ್ಟು ಹೊತ್ತು ನೀರು. ಅಲ್ಲಿಯವರು ತಮ್ಮ ಗಾಂವ್‌ಪಾಲಿಕೆಯ (ಅಲ್ಲಿನ ಗ್ರಾಮೀಣ ಸ್ಥಳೀಯ ಸರ್ಕಾರ) ವಾರ್ಡಿನಲ್ಲಿ, ಯೋಜನೆ ಆಯ್ಕೆಗೆ ಸೇರುವ ಟೋಲ್ ಭೇಲಾದಲ್ಲಿ, ಅಂದರೆ ಓಣಿಯ ಸಭೆಯಲ್ಲಿ, ಇದನ್ನೇ ಮಾಡಬೇಕು. ಎಣಿಸಿದ್ದನ್ನು ದೇವನಾಗರಿಯಲ್ಲಿ ಕೈಯಿಂದ ಬರೆದು, ಫೋಟೊ ತೆಗೆದು ಕಳುಹಿಸಬೇಕು. ಇತ್ತ ಬಂದದ್ದನ್ನು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಎಲ್ಲರೂ ಕೂಡಿ ಓದಿ, ಅರ್ಥವಾಗದ ಒಂದೇ ಒಂದು ಸಂಗತಿಯನ್ನು ಪ್ರಶ್ನೆಯಾಗಿ ಬರೆದು ವಾಪಸ್ ಕಳುಹಿಸಬೇಕು. ಆ ಪ್ರಶ್ನೆಯನ್ನು ಆಯಾ ಊರಿನ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ವಿಧಾನ ಇಷ್ಟೇ.

ಮೊದಲ ಎಣಿಕೆ 2024ರ ಅಕ್ಟೋಬರ್‌ನ ಗ್ರಾಮ ಸಭೆಯದು. ನಾಲ್ವರು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಾಲ್ಕು ಮೂಲೆಯಲ್ಲಿ ಕುಳಿತರು. ಸಭೆ ನಡೆದದ್ದು ಒಂದು ಗಂಟೆ ಐವತ್ತು ನಿಮಿಷ. ಬಂದವರು ನೂರ ನಲವತ್ತರ ಆಸುಪಾಸು, ಅದರಲ್ಲಿ ಹೆಂಗಸರು ಮೂವತ್ತೊಂದು. ಹೆಂಗಸರೆಲ್ಲರ ಮಾತು ಕೂಡಿಸಿದರೆ ಮೂರೂವರೆ ನಿಮಿಷ. ಮೂವತ್ತು ವರ್ಷದ ಒಳಗಿನವರ ಮಾತು ಸೊನ್ನೆ. ಜನತಾ ಪ್ಲಾಟಿನ ದಲಿತ ಕೇರಿಯಿಂದ ಬಂದಿದ್ದ ಹದಿನಾಲ್ಕು ಜನರೂ ಶಾಮಿಯಾನದ ಹೊರಗೆ ಬೇವಿನ ಮರದ ಕೆಳಗೇ ನಿಂತಿದ್ದರು. ಅದೇ ಹುರುಪಿನಲ್ಲಿ ಮಕ್ಕಳ ಗ್ರಾಮ ಸಭೆಗೂ ಸ್ಟಾಪ್‌ವಾಚ್ ಹಿಡಿದೆವು. ಮುಕ್ಕಾಲು ಪಾಲು ಮಾತು ವೇದಿಕೆಯ ಮೇಲಿನ ದೊಡ್ಡವರದು. ಇದನ್ನು ನೀವೂ ನಿಮ್ಮ ಪಂಚಾಯಿತಿಯಲ್ಲಿ ಮಾಡಿ ನೋಡಿ, ಖರ್ಚೇನೂ ಇಲ್ಲ.

ಈ ಲೆಕ್ಕವನ್ನು ನಮ್ಮವರೇ ಎದ್ದು ನಿಂತು ಓದಬಹುದಿತ್ತಲ್ಲ, ನೇಪಾಳ ಏಕೆ ಬೇಕು ಎಂದು ಹಲವರು ಕೇಳಿದ್ದಾರೆ. ಓದಲು ಆಗುತ್ತಿರಲಿಲ್ಲ. ನಮ್ಮದೇ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ಕ್ಷೌರದಂಗಡಿ, ಹೋಟೆಲ್ ಪ್ರವೇಶದ ವಿಚಾರಕ್ಕೆ ಹೊತ್ತಿಕೊಂಡ ದ್ವೇಷದಲ್ಲಿ ದಲಿತರ ಗುಡಿಸಲುಗಳು ಸುಟ್ಟವು. ಹತ್ತು ವರ್ಷಗಳ ಬಳಿಕ, 2024ರ ಅದೇ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಸುತ್ತಲಿನ ಎಲ್ಲ ಊರುಗಳಲ್ಲೂ ಜನ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಆ ಹೊತ್ತಿನಲ್ಲಿ ಕೇರಿಯ ಹುಡುಗ ನೀರಿನ ಮಾತೆತ್ತಿದರೆ ಅದು ಜಾತಿಯ ಮಾತು, ಮೇಲಿನ ಓಣಿಯ ಹುಡುಗ ಎತ್ತಿದರೆ ಅದು ಪಾರ್ಟಿಯ ಮಾತು. ಊರೊಳಗಿನ ಪ್ರಶ್ನೆಗೆ ಮೊದಲು ಹುಡುಕುವುದು ಅದರ ಹಿಂದೆ ಯಾರಿದ್ದಾರೆ ಎಂದು. ಹೊರಗಿನ ಪ್ರಶ್ನೆಗೆ ಹಿಂದೆ ಯಾರೂ ಇರುವುದಿಲ್ಲ, ಉತ್ತರ ಕೊಡದೆ ಬಿಟ್ಟರೆ ಊರಿನ ಮರ್ಯಾದೆ ಹೋಗುತ್ತದೆ. ನನ್ನ ಇಡೀ ಕೆಲಸ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ.

ಹೊರಗಿನವರು ಎಷ್ಟು ದೂರದವರಾಗಿರಬೇಕು ಎಂಬುದನ್ನೂ ಪರೀಕ್ಷಿಸಿದೆ. ಇದೇ ಪತ್ರ ವಿನಿಮಯವನ್ನು ಕುಂದಾಪುರ ಕಡೆಯ ಒಂದು ಪಂಚಾಯಿತಿಯ ಯುವಕರ ಜೊತೆ ನಡೆಸಿದೆ. 1996ರಲ್ಲಿ ಹಲವು ದೇಶಗಳ ದುಡಿಯುವ ಮಕ್ಕಳು ಸೇರಿ ಹತ್ತು ಅಂಶಗಳ ಘೋಷಣೆ ಮಾಡಿದ್ದು ಅದೇ ಕುಂದಾಪುರದಲ್ಲಿ. ಮಕ್ಕಳು ತಯಾರಿಸಿದ ವಸ್ತುಗಳನ್ನು ಬಹಿಷ್ಕರಿಸಬೇಡಿ ಎಂದು ಆ ಮಕ್ಕಳೇ ಹೇಳಿದ್ದು ಈಗಲೂ ನನ್ನನ್ನು ಯೋಚನೆಗೆ ಹಚ್ಚುತ್ತದೆ. ಅಲ್ಲಿನ ಯುವಕರು ಬಹಳ ಜಾಣರು, ಪ್ರಶ್ನೆಯೂ ಚೆನ್ನಾಗಿತ್ತು. ಆದರೆ ನಮ್ಮ ಸಭೆಯಲ್ಲಿ ಓದಿದಾಗ ಬಂದ ಉತ್ತರ ಒಂದೇ: "ಅವರಿಗೆ ನಾಲ್ಕು ತಿಂಗಳು ಮಳೆ, ನಮ್ಮ ಕಷ್ಟ ಅವರಿಗೇನು ಗೊತ್ತು?" ನೇಪಾಳದವರಿಗೆ ಹಾಗೆ ಯಾರೂ ಹೇಳಲಿಲ್ಲ. ಏಕೆಂದು ನನಗಿನ್ನೂ ಪೂರ್ತಿ ಹೊಳೆದಿಲ್ಲ.

ತೊಡಕುಗಳು ಇರಲಿಲ್ಲವೆಂದಲ್ಲ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಪತ್ರಕ್ಕೆ ಮುನ್ನ ಮುಖ ಪರಿಚಯವಾಗಲಿ ಎಂದು ಇಟ್ಟ ಮೊದಲ ವಿಡಿಯೊ ಕರೆಗೆ ನಾವು ಸರಿಯಾಗಿ ಐದಕ್ಕೆ ಕುಳಿತೆವು, ಅವರು ಕಾದು ಕಾದು ಎದ್ದು ಹೋಗಿದ್ದರು. ಮೊದಲ ಪತ್ರದ ಮೇಲೆ 2081 ಪುಸ್ 14 ಎಂಬ ತಾರೀಖು. ನಮ್ಮವರು ಅರ್ಧ ಗಂಟೆ ತಲೆ ಕೆಡಿಸಿಕೊಂಡರು, ಆಮೇಲೆ ಅದು ವಿಕ್ರಮ ಸಂವತ್, 2024ರ ಡಿಸೆಂಬರ್ ಕೊನೆ ಎಂದು ಲೆಕ್ಕ ಹಾಕಿದರು. ನಿಜವಾದ ತೊಡಕು ಬಜೆಟ್ಟಿನ ಕಾಲದ್ದು. ಅಲ್ಲಿನ ಸ್ಥಳೀಯ ಸರ್ಕಾರಗಳು ಅಸಾರ್ 10ರೊಳಗೆ, ಅಂದರೆ ಜೂನ್ ಕೊನೆಯ ವಾರಕ್ಕೆ ಬಜೆಟ್ ಮಂಡಿಸಬೇಕು. ನಮ್ಮ ಕ್ರಿಯಾ ಯೋಜನೆಯ ಸಭೆಗಳು ಅಕ್ಟೋಬರ್ ನಂತರ. ಹಾಗಾಗಿ ಬೇಸಿಗೆಯಲ್ಲಿ ನಾವು ಕೇಳಬೇಕು, ದಸರೆಗೆ ಅವರು ಕೇಳಬೇಕು ಎಂದು ಸರದಿ ಮಾಡಿಕೊಂಡೆವು.

2025ರ ಫೆಬ್ರುವರಿಯಲ್ಲಿ ಎಂಟು ಯುವಕ ಯುವತಿಯರನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಎಲ್ಲರೂ ಹದಿನೆಂಟು ದಾಟಿದವರು, ಮತದಾರರ ಚೀಟಿ ಇದ್ದವರು. ನೇಪಾಳಕ್ಕೆ ಅದೇ ಸಾಕು. ಪಿಡಿಒ ಸಾಹೇಬರಿಗೂ ಬರುವ ಮನಸ್ಸಿತ್ತು. ಆದರೆ ಸರ್ಕಾರಿ ನೌಕರರು ವಿದೇಶಿ ಆತಿಥ್ಯ ಪಡೆಯಲು ಕೇಂದ್ರದ ಪೂರ್ವಾನುಮತಿ ಬೇಕು, ಕೈಬಿಟ್ಟೆವು. ಯಶವಂತಪುರದಿಂದ ಗೋರಖ್‌ಪುರಕ್ಕೆ ಸ್ಲೀಪರ್, ಅಲ್ಲಿಂದ ಬಸ್ಸಿನಲ್ಲಿ ಸೊನೌಲಿ, ನಡೆದು ಗಡಿ ದಾಟಿದೆವು. ಆಗ ಅಲ್ಲಿ ನಮ್ಮ ನೂರರ ನೋಟಿಗಿಂತ ದೊಡ್ಡದು ನಡೆಯುತ್ತಿರಲಿಲ್ಲ. ಮೂವತ್ತು ಸಾವಿರವನ್ನು ನೂರರ ಮೂರು ಕಟ್ಟು ಮಾಡಿ ಮೂರು ಚೀಲಗಳಲ್ಲಿ ಹಂಚಿದ್ದೆ. ಒಟ್ಟು ಖರ್ಚು ಐವತ್ತೆಂಟು, ಅರವತ್ತು ಸಾವಿರ. ಸ್ವಸಹಾಯ ಸಂಘದವರು ಹನ್ನೊಂದು ಸಾವಿರ ಕೊಟ್ಟರು, ಯುವಕರು ತಲಾ ಒಂದು ಸಾವಿರ, ನನ್ನದು ಹದಿನಾಲ್ಕು ಸಾವಿರ, ಉಳಿದದ್ದು ಊರಿನ ಶಿಕ್ಷಕರು, ಅಂಗಡಿಯವರು. ಅಲ್ಲಿ ಊಟ, ವಸತಿ ಅವರ ಮನೆಗಳಲ್ಲೇ. ಅಷ್ಟು ಹಣ ಸುರಿಯುವ ಅಗತ್ಯ ಏನಿತ್ತು ಎಂದು ಕೇಳಿದವರಿಗೆ ನನ್ನ ಉತ್ತರ: ಬರೆದವರ ಮುಖ ನೋಡಿದವರು ಪತ್ರವನ್ನು ಬೇರೆಯೇ ದನಿಯಲ್ಲಿ ಓದುತ್ತಾರೆ.

ಒಂದು ದಿನ ಲುಂಬಿನಿಗೆ ಕರೆದೊಯ್ದರು. ಅಶೋಕನ ಕಂಬದ ಮುಂದೆ ನಿಂತು ನಮ್ಮ ಹುಡುಗಿಯೊಬ್ಬಳು, "ಅಕ್ಕಾ, ಇವು ನಮ್ಮ ಗವಿಮಠದ ಬೆಟ್ಟದ ಮೇಲಿನ ಅಕ್ಷರಗಳೇ" ಎಂದಳು. ಹೌದು, ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಎರಡರಲ್ಲೂ ಅದೇ ರಾಜನ ಅದೇ ಬ್ರಾಹ್ಮಿ. ಲುಂಬಿನಿಯ ಕಂಬದಲ್ಲಿ ಆ ಊರಿನ ತೆರಿಗೆಯನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಿದ ಸಂಗತಿ ಇದೆ ಎಂದು ಹೇಳಿದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ "ಕಲ್ಲಿನ ಠರಾವು" ಎಂದು ಬರೆದುಕೊಂಡಳು. ಆ ರಾತ್ರಿ ಲಿಪುಲೇಖಿನ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಮೊದಲು ಫಲ ಬಂದದ್ದು ಅಲ್ಲಿ. ಅವರ ಎಣಿಕೆಯಲ್ಲಿ ವಾರ್ಡಿಗೆ ಎರಡು ಸ್ವಾಗತ ಕಮಾನು, ಶಾಲೆಯ ಹುಡುಗಿಯರ ಶೌಚಾಲಯಕ್ಕೆ ಬಾಗಿಲೇ ಇಲ್ಲ. ನಮ್ಮವರ ಪ್ರಶ್ನೆ ಒಂದೇ ಸಾಲಿನದು: "ನಿಮ್ಮೂರಿಗೆ ಬರುವ ಅತಿಥಿಗೆ ಎರಡು ಬಾಗಿಲು ಕಟ್ಟಿದ್ದೀರಿ, ನಿಮ್ಮ ತಂಗಿಗೆ ಒಂದನ್ನು ಯಾವಾಗ ಕಟ್ಟುತ್ತೀರಿ?" ಜೂನ್ ಮುಗಿಯುವುದರೊಳಗೆ ಬಾಗಿಲಿನ ಫೋಟೊ ಬಂತು. ತಗಡಿನ ಬಾಗಿಲು, ಒಳಗೆ ಚಿಲಕ.

ನಮ್ಮ ಸರದಿ ಬರುವಷ್ಟರಲ್ಲಿ ಸೆಪ್ಟೆಂಬರ್ ಬಂತು. 4ರಂದು ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿರ್ಬಂಧಿಸಿತು, ವಾಟ್ಸ್‌ಆ್ಯಪ್ ಕೂಡ ಹೋಯಿತು. ನೋಂದಣಿ ಮಾಡಿಸಿಕೊಂಡಿದ್ದ ವೈಬರ್ ಉಳಿದಿತ್ತು, ಅದಕ್ಕೆ ಹಾರಿದೆವು. 8ರಂದು ಬೀದಿಗಿಳಿದ ಯುವಜನರ ಮೇಲೆ ಗುಂಡು ಹಾರಿತು, ಒಂದೇ ದಿನ 19 ಜನ ಸತ್ತರು. ನಮ್ಮವರು ರಾತ್ರಿ ಒಂದರವರೆಗೆ ಅರಿವು ಕೇಂದ್ರದ ಜಗಲಿಯಲ್ಲಿ ಫೋನ್ ಹಿಡಿದು ಕುಳಿತಿದ್ದರು. "ಹಾಮಿ ಠೀಕ್ ಛೌಂ" (ನಾವು ಚೆನ್ನಾಗಿದ್ದೇವೆ) ಎಂದು ಎರಡು ದಿನಗಳ ಮೇಲೆ ಸಂದೇಶ ಬಂತು. ಅಲ್ಲಿನ ದಸರೆಯಾದ ದಶೈನ್ ಹಬ್ಬಕ್ಕೆ ಮೊದಲು ಪತ್ರವೂ ಬಂತು. ಈ ವರ್ಷ ಬೇಡವೆಂದು ನಾನೇ ಹೇಳಿದ್ದೆ, ಅವರು ಕೇಳಲಿಲ್ಲ.

2025ರಲ್ಲಿ ಗಾಂಧಿ ಜಯಂತಿ, ವಿಜಯದಶಮಿ ಒಂದೇ ದಿನ ಬಿದ್ದದ್ದರಿಂದ ನಮ್ಮ ಗ್ರಾಮ ಸಭೆ ಎರಡು ವಾರ ತಡವಾಗಿ ನಡೆಯಿತು. ಪತ್ರವನ್ನು ಕನ್ನಡಕ್ಕೆ ತಿರುಗಿಸಿ, ಎಂಬತ್ತು ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿದ್ದೆವು. ಅದನ್ನು ಓದಲು ಯಾರನ್ನು ಆರಿಸಿದೆವು, ಸಭೆಯ ಯಾವ ಹೊತ್ತಿನಲ್ಲಿ ಓದಿಸಿದೆವು ಎಂಬ ಎರಡು ಸಂಗತಿಗಳನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಗೆಲುವು ಅವುಗಳಲ್ಲೇ ಇದೆ, ಬರೆದರೆ ಮುಂದಿನ ಸಭೆಯಲ್ಲಿ ನಡೆಯುವುದಿಲ್ಲ. ಬೇಕಾದವರು ಊರಿಗೆ ಬನ್ನಿ, ಕುಳಿತು ಹೇಳುತ್ತೇನೆ.

ಪತ್ರ ಹೀಗಿತ್ತು: "ಒಂದೇ ಟ್ಯಾಂಕಿನಿಂದ ಬಜಾರ ಓಣಿಗೆ ಬೆಳಿಗ್ಗೆ ಎರಡು ತಾಸು, ಜನತಾ ಪ್ಲಾಟಿಗೆ ರಾತ್ರಿ ನಲವತ್ತು ನಿಮಿಷ ಎಂದು ನಿಮ್ಮವರೇ ಎಣಿಸಿ ಕಳುಹಿಸಿದ್ದಾರೆ. ನಮಗೊಂದು ತಿಳಿಯಲಿಲ್ಲ. ರಾತ್ರಿ ಹನ್ನೊಂದಕ್ಕೆ ನೀರು ಹಿಡಿಯುವ ಹುಡುಗಿ ಬೆಳಿಗ್ಗೆ ಕಾಲೇಜಿಗೆ ಎಷ್ಟು ಗಂಟೆಗೆ ಏಳುತ್ತಾಳೆ? ನಮ್ಮ ದೇಶದಲ್ಲಿ ನಮ್ಮ ವಯಸ್ಸಿನವರು ಪ್ರಶ್ನೆ ಕೇಳಲು ಬೀದಿಗೆ ಹೋಗಿ ಸತ್ತರು. ನಿಮಗೆ ಕೇಳಲು ಸಭೆ ಇದೆ, ಕೇಳಿ."

ಶಾಮಿಯಾನದ ಕೆಳಗೆ ಸದ್ದಡಗಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕನ್ನಡಕ ತೆಗೆದು, "ನಮ್ಮ ಟ್ಯಾಂಕಿನ ಸುದ್ದಿ ನೇಪಾಳದವರೆಗೂ ಹೋಯಿತೇನಪ್ಪಾ?" ಎಂದರು.

"ಹೋಗಿದೆ ಕಾಕಾ."

"ಹಾಗಾದರೆ ಉತ್ತರವೂ ಹೋಗಬೇಕು. ವಾಟರ್‌ಮನ್ ಎಲ್ಲಿ?"

ಹಿಂದೆ ನಿಂತಿದ್ದ ವಾಟರ್‌ಮನ್ ಮುಂದೆ ಬಂದರು. ಪ್ಲಾಟು ಎತ್ತರದಲ್ಲಿದೆ, ಬಜಾರ ಓಣಿಗೆ ಬಿಟ್ಟ ಮೇಲೆ ಟ್ಯಾಂಕ್ ಅರ್ಧ ಖಾಲಿ, ನೀರು ಮೇಲೇರುವುದಿಲ್ಲ, ರಾತ್ರಿ ಮತ್ತೆ ತುಂಬಿದ ಮೇಲೆ ಬಿಡುತ್ತೇನೆ ಎಂದರು. ಆಮೇಲೆ ತಾವೇ ಒಂದು ಮಾತು ಸೇರಿಸಿದರು: "ಬೆಳಿಗ್ಗೆ ತುಂಬಿರುವಾಗಲೇ ಮೊದಲು ಪ್ಲಾಟಿಗೆ ಬಿಟ್ಟರೆ ಎರಡೂ ಕಡೆ ಸರಿಹೋಗುತ್ತದೆ. ಇಷ್ಟು ವರ್ಷ ನನ್ನನ್ನು ಯಾರೂ ಕೇಳಲಿಲ್ಲ." ಬೇವಿನ ಮರದ ಕೆಳಗಿಂದ ಇಬ್ಬರು ಹೆಂಗಸರು ಒಳಗೆ ಬಂದು ಜಮಖಾನೆಯ ಮೇಲೆ ಕುಳಿತರು, ಉಳಿದವರೂ ಅವರ ಹಿಂದೆ ಬಂದರು. ಅರ್ಧ ಗಂಟೆಯಲ್ಲಿ ಠರಾವು ನಡಾವಳಿ ಪುಸ್ತಕಕ್ಕೆ ಏರಿತು: ಆರರಿಂದ ಏಳು ಜನತಾ ಪ್ಲಾಟು, ನಂತರ ಬಜಾರ ಓಣಿ. ಸ್ಟಾಪ್‌ವಾಚ್ ಪ್ರಕಾರ ಅಂದು ಹೆಂಗಸರ ಮಾತು ಇಪ್ಪತ್ತೆರಡು ನಿಮಿಷ.

ಪತ್ರಗಳಿಗೆ ವರ್ಷವಿಡೀ ಆದ ಖರ್ಚು ಮೂರು ಸಾವಿರ ದಾಟಿಲ್ಲ. ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಕೇರಿಯವರಿಗೆ ಬೇರೆ ಲೋಟ ಇಡುವುದು ಇನ್ನೂ ನಿಂತಿಲ್ಲ. ಅದನ್ನೂ ಎಣಿಸಿ ಇಟ್ಟಿದ್ದೇವೆ. ಆದರೆ ಅದಕ್ಕಿಂತ ಮೊದಲು ನಮ್ಮ ಸರದಿ. ಕಪಿಲವಸ್ತುವಿನಿಂದ ಹೊಸ ಎಣಿಕೆ ಮೊನ್ನೆ ಬಂದಿದೆ, ನಾಲ್ಕು ಪುಟ. ಅಲ್ಲಿ 2026ರ ಮಾರ್ಚ್ 5ರ ಸಂಸತ್ ಚುನಾವಣೆ ಘೋಷಣೆಯಾದ ಮೇಲೆ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಹದಿನೆಂಟರವರನ್ನು ಮನೆ ಮನೆಗೆ ಹೋಗಿ ಎಣಿಸಿದ್ದಾರೆ. ಭಾನುವಾರ ಸಂಜೆ ಐದಕ್ಕೆ ಅರಿವು ಕೇಂದ್ರದಲ್ಲಿ ಕುಳಿತು ಅದನ್ನು ಓದುತ್ತೇವೆ. ಗೋಡೆಯ ಮೇಲೆ ಹುಡುಗರು ಎರಡನೆಯ ಗಡಿಯಾರವೊಂದನ್ನು ನೇತುಹಾಕಿದ್ದಾರೆ, ಅದರಲ್ಲಿ ಆಗ ಐದೂ ಕಾಲು.