ಟಾರ್ಗೆಟ್ ಏರಿಸುವ ಮುನ್ನ ಕೆಲಸಗಾರರ ಗುಂಪನ್ನು ಅರಿಯಿರಿ

ಸಣ್ಣ ಕಾರ್ಖಾನೆ ನಡೆಸುವವರಿಗೂ ಸೂಪರ್‌ವೈಸರ್‌ಗಳಿಗೂ ಒಂದು ಸಲಹೆ. ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ ಟೆಲಿಫೋನ್ ಉಪಕರಣಗಳಿಗೆ ತಂತಿ ಜೋಡಿಸುವ 14 ಮಂದಿಯ ತಂಡವನ್ನು ಗಮನಿಸಿದಾಗ, ತಂಡದ ಉತ್ಪಾದನೆ ಹೆಚ್ಚಿದರೆ ಕೂಲಿಯೂ ಹೆಚ್ಚುವಂತಿದ್ದರೂ, ಒಬ್ಬರಿಗೆ ದಿನಕ್ಕೆ ಎರಡು ಉಪಕರಣ ಸಾಕೆಂದು ಅವರು ತಮ್ಮತಮ್ಮಲ್ಲೇ ನಿಗದಿ ಮಾಡಿಕೊಂಡಿದ್ದುದು, ಅದನ್ನು ಮೀರಿದವನ ತೋಳಿಗೆ ಗುದ್ದಿ ಎಚ್ಚರಿಸುತ್ತಿದ್ದುದು ಕಂಡುಬಂತು. ಇದನ್ನು ಸೋಮಾರಿತನವೆಂದು ನಾನು ಒಪ್ಪುವುದಿಲ್ಲ. ಹೆಚ್ಚು ಮಾಡಿ ತೋರಿಸಿದರೆ ಕೂಲಿಯ ದರ ಇಳಿದೀತು, ಇಲ್ಲವೇ ಕೆಲವರ ಕೆಲಸ ಹೋದೀತು ಎಂಬ ಭಯ ಅದರ ಹಿಂದಿತ್ತು. ಆದ್ದರಿಂದ ಗುಂಪನ್ನು ಒಡೆಯಲು ಹೋಗದೆ, ಊಟದ ಹೊತ್ತಿನಲ್ಲಿ ಎಲ್ಲರೂ ಯಾರ ಮಾತಿಗೆ ಕಿವಿಗೊಡುತ್ತಾರೆಂಬುದನ್ನು ನೋಡಿಕೊಂಡು, ಟಾರ್ಗೆಟ್ ಬದಲಿಸುವ ಮೊದಲು ಆ ವ್ಯಕ್ತಿಯೊಂದಿಗೆ ಚರ್ಚಿಸಿ, ಪೀಸ್ ರೇಟ್ (ಮಾಡಿದ ಪ್ರತಿ ವಸ್ತುವಿಗೆ ಕೊಡುವ ಕೂಲಿ) ಇಳಿಸುವುದಿಲ್ಲವೆಂದು ಬರವಣಿಗೆಯಲ್ಲೇ ಕೊಡಿ. ಹೊಸದಾಗಿ ಸೇರಿದವರನ್ನೂ ಆ ವ್ಯಕ್ತಿಯ ಪಕ್ಕದಲ್ಲೇ ಕೂರಿಸಿ.